ನೋತ್ರ್ ದಾಮ್ ಉರಿದ ಸಂಜೆ: ಪರರ ಆರಾಧನಾಲಯದ ದುಃಖ ಮತ್ತು ನಮ್ಮ ಇತಿಹಾಸ

ಹಿಜರಿ 1440ರ ಶಅಬಾನ್ ತಿಂಗಳು. 2019ರ ಎಪ್ರಿಲ್ 15, ಸೋಮವಾರ. ನಮ್ಮಲ್ಲಿ ಇಶಾ ನಮಾಝ್ ಮುಗಿದು ಮನೆಗಳ ದೀಪ ಆರುವ ಹೊತ್ತು. ಆ ರಾತ್ರಿ ಮೊಬೈಲ್ ತೆರೆದವರಿಗೆಲ್ಲ ಕಂಡದ್ದು ಒಂದೇ ದೃಶ್ಯ. ಫ್ರಾನ್ಸ್ ದೇಶದ ರಾಜಧಾನಿ ಪ್ಯಾರಿಸ್‌ನಲ್ಲಿ, ಸೀನ್ ನದಿಯ ನಡುಗಡ್ಡೆಯ ಮೇಲಿರುವ ನೋತ್ರ್ ದಾಮ್ ಕೆಥೆಡ್ರಲ್‌ನ ಮಾಡು ಹೊತ್ತಿ ಉರಿಯುತ್ತಿತ್ತು. ನದಿಯ ಎರಡೂ ದಂಡೆಗಳಲ್ಲಿ ಸಾವಿರಾರು ಜನರು ಮಾತಿಲ್ಲದೆ ನಿಂತಿದ್ದರು.

ಮರುದಿನ ಮುಂಜಾನೆ ಮದ್ರಸದ ಹಿರಿಯ ತರಗತಿಯ ಬಾಲಕನೊಬ್ಬನು ನಮ್ಮನ್ನು ಕೇಳಿದನು: "ಉಸ್ತಾದ್, ಮೊಸುಲ್‌ನ ಮಸೀದಿ ಉರುಳಿದಾಗ ಇವರಲ್ಲಿ ಯಾರಾದರೂ ಅತ್ತಿದ್ದರೇ? ಅವರ ಇಗರ್ಜಿ ಸುಟ್ಟರೆ ನಾವೇಕೆ ಬೇಸರಪಡಬೇಕು?" ಅವನ ಪ್ರಶ್ನೆಯಲ್ಲಿ ದ್ವೇಷವಿರಲಿಲ್ಲ, ನೋವಿತ್ತು. ಪಾಠದ ಸಮಯ ಮೀರುತ್ತಿದ್ದುದರಿಂದ ನಾವು ಒಂದೆರಡು ಮಾತು ಹೇಳಿ ಸುಮ್ಮನಾದೆವು. ಅವನು ತೃಪ್ತನಾಗಲಿಲ್ಲ, ನಮಗೂ ತೃಪ್ತಿಯಾಗಲಿಲ್ಲ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇತಿಹಾಸದ ಪುಟಗಳಿಂದ ಒಟ್ಟುಗೂಡಿಸುವ ಪ್ರಯತ್ನವೇ ಈ ಲೇಖನ.

ಎಂಟು ಶತಮಾನಗಳ ಕಟ್ಟಡ, ಒಂದು ಸಂಜೆಯ ಬೆಂಕಿ

ಕೆಥೆಡ್ರಲ್ ಎಂದರೆ ಬಿಷಪರ ಪೀಠವಿರುವ ಪ್ರಧಾನ ಇಗರ್ಜಿ. 'ನೋತ್ರ್ ದಾಮ್' ಎಂಬ ಫ್ರೆಂಚ್ ಮಾತಿಗೆ 'ನಮ್ಮ ಮಾತೆ' ಎಂಬರ್ಥ. ಹಝ್ರತ್ ಮರ್ಯಮ್(ಅ)ರವರ ಹೆಸರಿನಲ್ಲಿ ಕ್ರೈಸ್ತರು ಅದನ್ನು ಕಟ್ಟಿದರು. ಬಿಷಪ್ ಮೋರಿಸ್ ದ ಸುಲ್ಲಿ ಎಂಬವರ ಕಾಲದಲ್ಲಿ, 1163ರಲ್ಲಿ ಕೆಲಸ ಆರಂಭವಾಯಿತು. ಅದು ಮುಗಿಯಲು ತಲೆಮಾರುಗಳೇ ಬೇಕಾದವು. ನಮ್ಮ ಇತಿಹಾಸದಲ್ಲಿ ಅದು ಸುಲ್ತಾನ್ ನೂರುದ್ದೀನ್ ಝಂಗಿ ಸಿರಿಯಾವನ್ನು ಆಳುತ್ತಿದ್ದ ಕಾಲ. ಸಲಾಹುದ್ದೀನ್ ಅಯ್ಯೂಬಿಯವರು ಇನ್ನೂ ಅವರ ಸೇನೆಯಲ್ಲಿದ್ದರು. ಮುಸ್ಲಿಮರೂ ಫ್ರಾಂಕರೂ ರಣರಂಗದಲ್ಲಿ ಎದುರಾಗುತ್ತಿದ್ದ ಯುಗದಲ್ಲಿ ಈ ಕಟ್ಟಡದ ಗೋಡೆಗಳು ಮೇಲೇಳುತ್ತಿದ್ದವು.

ಆ ಕಟ್ಟಡವು ತನ್ನ ದೇಶದವರ ಕೈಯಿಂದಲೇ ಪೆಟ್ಟು ತಿಂದುದೂ ಉಂಟು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಅದರ ಮುಂಭಾಗದಲ್ಲಿದ್ದ ಬೈಬಲಿನ ಅರಸರ ವಿಗ್ರಹಗಳನ್ನು ಫ್ರಾನ್ಸಿನ ರಾಜರ ವಿಗ್ರಹಗಳೆಂದು ಭಾವಿಸಿ ಜನರು ಅವುಗಳ ತಲೆ ಕಡಿದರು. ಇಗರ್ಜಿಯನ್ನು 'ವಿವೇಕದ ಮಂದಿರ'ವೆಂದು ಘೋಷಿಸಲಾಯಿತು. ಬಳಿಕ ಅದು ಪಾಳು ಬೀಳುವ ಸ್ಥಿತಿಗೆ ಬಂದಾಗ, 1831ರಲ್ಲಿ ಪ್ರಕಟವಾದ ವಿಕ್ಟರ್ ಹ್ಯೂಗೋ ಅವರ ಕಾದಂಬರಿಯು ಜನರ ಮನಸ್ಸನ್ನು ಅದರತ್ತ ತಿರುಗಿಸಿತು. ವಾಸ್ತುಶಿಲ್ಪಿ ವಿಯೋಲೆ ಲ ದ್ಯೂಕ್ ಅದನ್ನು ದುರಸ್ತಿ ಮಾಡಿಸಿ ಹೊಸ ಶಿಖರವನ್ನು ಎತ್ತಿದರು.

2019ರ ಆ ಸಂಜೆ ಕುಸಿದುದು ಅದೇ ಶಿಖರ. ಮಾಡಿನ ಕೆಳಗಿದ್ದ ಓಕ್ ಮರದ ತೊಲೆಗಳ ಸಮೂಹವನ್ನು ಅಲ್ಲಿಯ ಜನರು 'ಕಾಡು' ಎಂದೇ ಕರೆಯುತ್ತಿದ್ದರು. ಅಷ್ಟೊಂದು ಮರಗಳು ಅದಕ್ಕೆ ಬೇಕಾಗಿದ್ದವು. ಸಂಜೆ 6 ಗಂಟೆ 20 ನಿಮಿಷದ ಸುಮಾರಿಗೆ ಮೊದಲ ಎಚ್ಚರಿಕೆಯ ಗಂಟೆ ಮೊಳಗಿದಾಗ ಕಾವಲುಗಾರರು ನೋಡಲು ಹೋದುದು ತಪ್ಪು ಸ್ಥಳಕ್ಕೆ. ಸರಿಯಾದ ಸ್ಥಳ ತಿಳಿಯುವಷ್ಟರಲ್ಲಿ ಅಮೂಲ್ಯವಾದ ಸುಮಾರು ಅರ್ಧ ತಾಸು ಕಳೆದಿತ್ತು. ನಾನೂರರಷ್ಟು ಅಗ್ನಿಶಾಮಕ ಸಿಬ್ಬಂದಿ ರಾತ್ರಿಯಿಡೀ ಹೋರಾಡಿ ಎರಡು ಗಂಟೆಗೋಪುರಗಳನ್ನೂ ಕಲ್ಲಿನ ಗೋಡೆಗಳನ್ನೂ ಉಳಿಸಿಕೊಂಡರು. ಮಾಡು ಹೋಯಿತು, ಶಿಖರ ಹೋಯಿತು, ಕಟ್ಟಡ ನಿಂತಿತು.

ಜನರು ಅತ್ತರು, ಕೊಟ್ಟರು, ಜಗಳವಾಡಿದರು

ಅಂದು ಕ್ರೈಸ್ತರ ಪವಿತ್ರ ವಾರದ ಸೋಮವಾರ. ಈಸ್ಟರ್ ಹಬ್ಬಕ್ಕೆ ಆರೇ ದಿನಗಳಿದ್ದವು. ಬೀದಿಗಳಲ್ಲಿ ಯುವಕ ಯುವತಿಯರು ಮಂಡಿಯೂರಿ ಮರ್ಯಮ್‌ರವರ ಹೆಸರಿನ ಪ್ರಾರ್ಥನಾಗೀತೆಗಳನ್ನು ಹಾಡಿದರು. ಫ್ರಾನ್ಸ್ ತನ್ನನ್ನು ಮತನಿರಪೇಕ್ಷ ರಾಷ್ಟ್ರವೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ದೇಶ. 1905ರ ಕಾನೂನಿನ ಪ್ರಕಾರ ರಾಜ್ಯಕ್ಕೂ ಧರ್ಮಕ್ಕೂ ಅಲ್ಲಿ ಸಂಬಂಧವಿಲ್ಲ. ಈ ಕೆಥೆಡ್ರಲ್‌ನ ಒಡೆತನವೂ ಸರಕಾರದ್ದೇ. ಆದರೂ ಇಗರ್ಜಿಗೆ ವರ್ಷಕ್ಕೊಮ್ಮೆಯೂ ಹೋಗದವರು ಆ ಸಂಜೆ ಕಣ್ಣೀರು ಹಾಕಿದರು. ಆರಾಧನಾಲಯವೊಂದು ಕಲ್ಲು ಮರಗಳ ರಾಶಿಯಷ್ಟೇ ಅಲ್ಲ, ಅದು ಒಂದು ಸಮುದಾಯದ ನೆನಪಿನ ಭಂಡಾರ ಎಂಬುದು ಆ ಕಣ್ಣೀರಿನಲ್ಲಿ ಕಂಡಿತು.

ಈಜಿಪ್ಟಿನ ಅಲ್ ಅಝ್ಹರ್‌ನ ಇಮಾಮ್ ಶೈಖ್ ಅಹ್ಮದ್ ಅತ್ತಯ್ಯಿಬ್‌ರವರು ಅಂದೇ ತಮ್ಮ ದುಃಖವನ್ನು ಬಹಿರಂಗವಾಗಿ ತಿಳಿಸಿದರು. ಪ್ಯಾರಿಸ್‌ನ ಬೃಹತ್ ಮಸೀದಿಯ ಮುಖ್ಯಸ್ಥರೂ ಶೋಕ ವ್ಯಕ್ತಪಡಿಸಿದರು. ಆ ಮಸೀದಿಗೂ ಒಂದು ಚರಿತ್ರೆಯಿದೆ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಪ್ರಾಣ ತೆತ್ತ ಮುಸ್ಲಿಮ್ ಸೈನಿಕರ ಗೌರವಾರ್ಥ ಕಟ್ಟಿಸಿದ ಆ ಮಸೀದಿಯು 1926ರಲ್ಲಿ ಉದ್ಘಾಟನೆಯಾಯಿತು. ನೋತ್ರ್ ದಾಮ್‌ನಿಂದ ಅಲ್ಲಿಗೆ ನಡೆದೇ ಹೋಗಬಹುದು. ನೆರೆಮನೆಗೆ ಬೆಂಕಿ ಬಿದ್ದಾಗ ನೆರೆಯವನು ಹೊರಗೆ ಬರುವುದು ಸಹಜಧರ್ಮ.

ಹಣವೂ ಹರಿಯಿತು. ಫ್ರಾನ್ಸಿನ ಅತಿ ಶ್ರೀಮಂತ ಕುಟುಂಬಗಳು ಹತ್ತು ಕೋಟಿ, ಇಪ್ಪತ್ತು ಕೋಟಿ ಯೂರೋಗಳ ವಾಗ್ದಾನ ಮಾಡಿದವು. ಕೆಲವೇ ದಿನಗಳಲ್ಲಿ ಒಟ್ಟು ವಾಗ್ದಾನ 80 ಕೋಟಿ ಯೂರೋ ದಾಟಿತು. ಆಗಲೇ ಜಗಳವೂ ಆರಂಭವಾಯಿತು. ಜೀವನವೆಚ್ಚದ ಏರಿಕೆಯ ವಿರುದ್ಧ ತಿಂಗಳುಗಳಿಂದ ಬೀದಿಗಿಳಿದಿದ್ದ 'ಹಳದಿ ಅಂಗಿ' ಚಳವಳಿಯವರು, ಕಲ್ಲಿಗೆ ಒಂದೇ ರಾತ್ರಿಯಲ್ಲಿ ಒದಗಿದ ಹಣ ಬಡವನಿಗೆ ಏಕೆ ಒದಗುವುದಿಲ್ಲವೆಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಆದರೆ ಅದೇ ವಾರ ಇನ್ನೊಂದು ಸಂಗತಿಯೂ ನಡೆಯಿತು. ಅಮೆರಿಕದ ಲೂಯಿಸಿಯಾನ ರಾಜ್ಯದಲ್ಲಿ ಕರಿಯರ ಮೂರು ಹಳೆಯ ಇಗರ್ಜಿಗಳು ಕೆಲವೇ ವಾರಗಳ ಹಿಂದೆ ದುಷ್ಕರ್ಮಿಯೊಬ್ಬನ ಕೈಯಿಂದ ಸುಟ್ಟುಹೋಗಿದ್ದವು. ಅವುಗಳಿಗೆ ಅಲ್ಪ ಹಣವಷ್ಟೇ ಬಂದಿತ್ತು. ನೋತ್ರ್ ದಾಮ್ ಉರಿದ ಬಳಿಕ "ಇವರನ್ನೂ ಮರೆಯದಿರಿ" ಎಂದು ಕೆಲವರು ಕರೆ ಕೊಟ್ಟುದೇ ತಡ, ಆ ಬಡ ಇಗರ್ಜಿಗಳ ನಿಧಿಯು ಕೆಲವು ದಿನಗಳಲ್ಲಿ ಹತ್ತು ಲಕ್ಷ ಡಾಲರ್‌ಗಳನ್ನು ಮೀರಿತು. ಒಂದು ದುಃಖವು ಇನ್ನೊಂದು ದುಃಖವನ್ನು ಮರೆಸಲೇಬೇಕೆಂದಿಲ್ಲ, ಅದು ನೆನಪಿಸಲೂಬಹುದು.

ಇನ್ನೊಂದು ಪ್ರತಿಕ್ರಿಯೆ ನಮ್ಮನ್ನು ನೇರವಾಗಿ ತಟ್ಟಿತು. ಬೆಂಕಿ ಇನ್ನೂ ಆರಿರಲಿಲ್ಲ, ಅಷ್ಟರಲ್ಲೇ ಇದು ಮುಸ್ಲಿಮರ ಕೃತ್ಯವೆಂಬ ಸುಳ್ಳು ಹರಡಿತು. ಹೆಸರಾಂತ ಸುದ್ದಿವಾಹಿನಿಯ ಹೆಸರಿನಲ್ಲಿ ನಕಲಿ ಖಾತೆ ತೆರೆದು ಇದು ಭಯೋತ್ಪಾದನೆ ಎಂದು ಬರೆದವರಿದ್ದರು. ನಗುಮುಖದ ಇಬ್ಬರು ಯುವಕರ ಚಿತ್ರವನ್ನು, ಮುಸ್ಲಿಮರು ಸಂಭ್ರಮಿಸುತ್ತಿದ್ದಾರೆಂಬ ಬರಹದೊಡನೆ ಹಂಚಿದವರೂ ಇದ್ದರು. ನ್ಯೂಝಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ 51 ಮಂದಿ ಹುತಾತ್ಮರಾಗಿ ಅಂದಿಗೆ ಸರಿಯಾಗಿ ಒಂದು ತಿಂಗಳಾಗಿತ್ತು. ಇಂಥ ಸುಳ್ಳುಗಳು ಎಲ್ಲಿಗೆ ಮುಟ್ಟುತ್ತವೆಂಬುದನ್ನು ಜಗತ್ತು ಆಗ ತಾನೇ ಕಂಡಿತ್ತು. 2019ರ ಜೂನ್ ತಿಂಗಳಲ್ಲಿ ಪ್ಯಾರಿಸ್‌ನ ಸರಕಾರಿ ಅಭಿಯೋಜಕರು ತನಿಖೆಯ ಮೊದಲ ಹಂತದ ಫಲಿತಾಂಶವನ್ನು ಪ್ರಕಟಿಸಿದರು: ಯಾರೋ ಬೇಕೆಂದೇ ಬೆಂಕಿಯಿಟ್ಟರೆಂಬುದಕ್ಕೆ ಯಾವ ಪುರಾವೆಯೂ ಸಿಕ್ಕಿರಲಿಲ್ಲ, ವಿದ್ಯುತ್ ದೋಷವೋ, ಸರಿಯಾಗಿ ಆರಿಸದ ಸಿಗರೇಟೋ ಕಾರಣವಿರಬಹುದೆಂದು ಹೇಳಲಾಯಿತು. ಆದರೆ ಸುಳ್ಳನ್ನು ಕೇಳಿದವರೆಲ್ಲರಿಗೂ ಈ ವರದಿ ತಲುಪಿತೇ?

ನಮ್ಮೊಳಗಿನ ಮಾತುಗಳು

ಇಲ್ಲಿ ನಾವು ನಮ್ಮನ್ನೂ ಪರೀಕ್ಷಿಸಿಕೊಳ್ಳಬೇಕಾಗಿದೆ. ಅದೇ ಸಂಜೆ ಜೆರುಸಲೇಮಿನ ಮಸ್ಜಿದುಲ್ ಅಖ್ಸಾದ ಆವರಣದಲ್ಲಿ, ಮರ್ವಾನಿ ಮುಸಲ್ಲಾದ ಹೊರಗಿದ್ದ ಕಾವಲುಗಾರರ ಸಣ್ಣ ಕೋಣೆಗೆ ಬೆಂಕಿ ತಗುಲಿತ್ತು. ಅದನ್ನು ಬೇಗನೆ ನಂದಿಸಲಾಯಿತು, ಮಸೀದಿಗೆ ಹಾನಿಯಾಗಲಿಲ್ಲ. ಆದರೆ ನಮ್ಮವರ ಮೊಬೈಲ್‌ಗಳಲ್ಲಿ ಅದು ಅಖ್ಸಾವೇ ಉರಿಯುತ್ತಿದೆ, ಜಗತ್ತು ಅದನ್ನು ಮುಚ್ಚಿಡುತ್ತಿದೆ ಎಂಬಂತೆ ಹರಿದಾಡಿತು. ಸುದ್ದಿಯನ್ನು ಪರಿಶೀಲಿಸದೆ ನಂಬಿ ಜನರಿಗೆ ಕೇಡು ಮಾಡಬೇಡಿರೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸಿದೆ. ಪರರು ನಮ್ಮ ಮೇಲೆ ಸುಳ್ಳು ಹೇಳಿದಾಗ ನೆನಪಾಗುವ ಈ ಆಜ್ಞೆಯು ನಾವೇ ಹಂಚುವಾಗ ಮರೆತುಹೋಗಬಾರದು.

ಇನ್ನು ಕೆಲವರು ಈ ಬೆಂಕಿಯನ್ನು ದೈವಶಿಕ್ಷೆ ಎಂದರು. ಹಾಗೆ ಹೇಳುವವರು ಮದೀನಾದ ಇತಿಹಾಸವನ್ನು ಒಮ್ಮೆ ಓದಬೇಕು. ಹಿಜರಿ 654ರ (ಕ್ರಿ.ಶ. 1256) ರಮಝಾನ್ ತಿಂಗಳ ಮೊದಲ ರಾತ್ರಿ, ದೀಪದ ಸಾಮಾನುಗಳಿದ್ದ ಕೋಣೆಗೆ ಸೇವಕನೊಬ್ಬನು ಒಯ್ದ ದೀಪದಿಂದ ಮಸ್ಜಿದುನ್ನಬವಿಗೆ ಬೆಂಕಿ ಹತ್ತಿತು. ಮಾಡು ಕುಸಿಯಿತು, ಮಿಂಬರ್ ಸುಟ್ಟುಹೋಯಿತು. ಮತ್ತೆ ಹಿಜರಿ 886ರಲ್ಲಿ (ಕ್ರಿ.ಶ. 1481), ಅದೂ ರಮಝಾನ್ ತಿಂಗಳಲ್ಲೇ, ಮಿನಾರಕ್ಕೆ ಸಿಡಿಲು ಬಡಿದು ಮಸೀದಿಯ ಬಹುಭಾಗ ಬೆಂಕಿಗೆ ಆಹುತಿಯಾಯಿತು, ಈಜಿಪ್ಟಿನ ಸುಲ್ತಾನ್ ಖಾಯಿತ್‌ಬಾಯ್ ಅದನ್ನು ಪುನಃ ಕಟ್ಟಿಸಿದರು. ಭೂಮಿಯ ಮೇಲಿನ ಅತ್ಯಂತ ಪುಣ್ಯ ಸ್ಥಳಗಳಲ್ಲೊಂದಾದ, ಪ್ರವಾದಿವರ್ಯರು(ಸ) ಮಲಗಿರುವ ಆ ಮಸೀದಿಗೆ ಎರಡು ಬಾರಿ ಬೆಂಕಿ ಬಿದ್ದುದನ್ನು ಶಿಕ್ಷೆಯೆಂದು ಹೇಳುವ ಧೈರ್ಯ ನಮಗಿದೆಯೇ? ಇಲ್ಲವೆಂದಾದರೆ ಪರರ ಇಗರ್ಜಿಯ ಬಗ್ಗೆ ಆ ತೀರ್ಪು ಕೊಡುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ಪ್ಯಾರಿಸ್‌ನ ಘಟನೆಗೆ ತೀರ ಹತ್ತಿರದ ಉದಾಹರಣೆ ದಮಾಸ್ಕಸ್‌ನ ಉಮಯ್ಯದ್ ಮಹಾಮಸೀದಿಯದು. 1893ರಲ್ಲಿ ಅದರ ಮಾಡಿನ ದುರಸ್ತಿ ನಡೆಯುತ್ತಿದ್ದಾಗ ಕೆಲಸಗಾರನೊಬ್ಬನ ಹುಕ್ಕಾದ ಕಿಡಿಯಿಂದ ಬೆಂಕಿ ಹುಟ್ಟಿ ನಮಾಝಿನ ಸಭಾಂಗಣದ ಮರದ ಮಾಡು ಭಸ್ಮವಾಯಿತು. ನೋತ್ರ್ ದಾಮ್‌ನಲ್ಲೂ ಅಂದು ದುರಸ್ತಿ ನಡೆದಿತ್ತು; ಶಿಖರದ ಸುತ್ತ ಕಬ್ಬಿಣದ ಅಟ್ಟಣಿಗೆ ಕಟ್ಟಲಾಗಿತ್ತು. ಹಳೆಯ ಕಟ್ಟಡವನ್ನು ಕಾಪಾಡಲು ಹೊರಟ ಹೊತ್ತೇ ಅದಕ್ಕೆ ಅತಿ ಅಪಾಯದ ಹೊತ್ತೂ ಆಗುತ್ತದೆ. ದಮಾಸ್ಕಸ್‌ನ ಜನರು ತಮ್ಮ ಹಣವನ್ನೂ ದುಡಿಮೆಯನ್ನೂ ಕೊಟ್ಟು ಮಸೀದಿಯನ್ನು ಮತ್ತೆ ನಿಲ್ಲಿಸಿದರು. ಮಾಡು ಉರಿಯುವುದನ್ನು ಕಂಡ ಜನರ ಸಂಕಟ ಹೇಗಿರುತ್ತದೆಂಬುದನ್ನು ನಮ್ಮ ಸಮುದಾಯವು ಬೇರೆಯವರಿಂದ ಕಲಿಯಬೇಕಾಗಿಲ್ಲ.

ಅಖ್ಸಾದ ಗಾಯವಂತೂ ಇನ್ನೂ ಹಸಿಯಾಗಿದೆ. 1969ರ ಆಗಸ್ಟ್ 21ರಂದು ಆಸ್ಟ್ರೇಲಿಯಾದ ಡೆನಿಸ್ ಮೈಕಲ್ ರೋಹನ್ ಎಂಬವನು ಮಸೀದಿಗೆ ಬೆಂಕಿಯಿಟ್ಟನು. ಸುಲ್ತಾನ್ ನೂರುದ್ದೀನ್ ಹಲಬ್ ನಗರದಲ್ಲಿ ಮಾಡಿಸಿಟ್ಟಿದ್ದ, 1187ರ ವಿಜಯದ ಬಳಿಕ ಸಲಾಹುದ್ದೀನ್‌ರವರು ತರಿಸಿ ಸ್ಥಾಪಿಸಿದ ಮಿಂಬರ್ ಅಂದು ಸುಟ್ಟುಹೋಯಿತು. ನೋತ್ರ್ ದಾಮ್‌ನ ಅಡಿಗಲ್ಲು ಬಿದ್ದ ದಶಕದಲ್ಲೇ ರೂಪುಗೊಂಡ ಮಿಂಬರ್ ಅದು. ಮುಸ್ಲಿಮ್ ಜಗತ್ತು ಕಣ್ಣೀರಿಟ್ಟಿತು. ಮರುತಿಂಗಳು ರಬಾತ್ ನಗರದಲ್ಲಿ ಸೇರಿದ ಶೃಂಗಸಭೆಯಿಂದ ಇಸ್ಲಾಮೀ ರಾಷ್ಟ್ರಗಳ ಸಂಘಟನೆಯೇ ಹುಟ್ಟಿತು. ರೋಹನ್ ಕ್ರೈಸ್ತನಾಗಿದ್ದನು, ನ್ಯಾಯಾಲಯವು ಅವನನ್ನು ಬುದ್ಧಿ ಸ್ವಾಧೀನವಿಲ್ಲದವನೆಂದು ನಿರ್ಣಯಿಸಿತು. ಅವನೊಬ್ಬನ ಕೃತ್ಯಕ್ಕೆ ಪ್ಯಾರಿಸ್‌ನಲ್ಲಿ ಮಂಡಿಯೂರಿದ ಯುವತಿಯನ್ನು ಹೊಣೆಯಾಗಿಸುವುದು ನ್ಯಾಯವಲ್ಲ. ಒಂದು ಜನಾಂಗದ ಮೇಲಿನ ಹಗೆಯು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ಸೂರಃ ಅಲ್ ಮಾಇದಾದ ಆಜ್ಞೆಯು ಇಂಥ ಗಳಿಗೆಗಳಿಗಾಗಿಯೇ ಇದೆ.

ಪೂರ್ವಜರು ತೋರಿದ ದಾರಿ

ಸೂರಃ ಅಲ್ ಹಜ್ಜ್‌ನ 40ನೆಯ ವಚನವನ್ನು ನಾವು ಎಷ್ಟೋ ಬಾರಿ ಓದಿದ್ದೇವೆ. ಅಲ್ಲಾಹನು ಮನುಷ್ಯರಲ್ಲಿ ಕೆಲವರನ್ನು ಇನ್ನು ಕೆಲವರ ಮೂಲಕ ತಡೆಯದಿದ್ದರೆ ನಾಶವಾಗುತ್ತಿದ್ದ ಆರಾಧನಾಲಯಗಳನ್ನು ಅದು ಹೆಸರಿಸುತ್ತದೆ. ಸನ್ಯಾಸಿಗಳ ಮಠ, ಕ್ರೈಸ್ತರ ಇಗರ್ಜಿ, ಯಹೂದಿಯರ ಆರಾಧನಾ ಮಂದಿರ, ಕೊನೆಯಲ್ಲಿ ಮಸೀದಿ. ನಮ್ಮ ಮಸೀದಿಯ ಹೆಸರು ಆ ಸಾಲಿನ ಕೊನೆಯಲ್ಲಿದೆ ಎಂಬುದನ್ನು ಓದುವಾಗ ಗಮನಿಸಿದ್ದೇವೆಯೇ? ಕ್ರೈಸ್ತರ ವಿಶ್ವಾಸವು ನಮ್ಮದಲ್ಲ. ಹಝ್ರತ್ ಈಸಾ(ಅ)ರವರ ವಿಷಯದಲ್ಲಿ ನಮಗೂ ಅವರಿಗೂ ಇರುವ ಭೇದವನ್ನು ಮರೆಮಾಚಬೇಕಾಗಿಯೂ ಇಲ್ಲ. ಆದರೆ ಅವರ ಆರಾಧನಾಲಯದ ನಾಶವನ್ನು ಕುರ್‌ಆನ್ ಒಂದು ಕೇಡೆಂದೇ ಎಣಿಸಿದೆ.

ನಜ್‌ರಾನಿನ ಕ್ರೈಸ್ತ ನಿಯೋಗವು ಮದೀನಾಕ್ಕೆ ಬಂದಾಗ ಪ್ರವಾದಿವರ್ಯರು(ಸ) ಅವರಿಗೆ ತಮ್ಮ ಮಸೀದಿಯಲ್ಲೇ ಪ್ರಾರ್ಥಿಸಲು ಬಿಟ್ಟರೆಂದು ಸೀರಾ ಗ್ರಂಥಗಳು ಹೇಳುತ್ತವೆ. ಖಲೀಫ ಉಮರ್(ರ)ರವರು ಜೆರುಸಲೇಮಿಗೆ ಬಂದಾಗ ಅಲ್ಲಿಯ ಕ್ರೈಸ್ತ ಧರ್ಮಗುರು ಸೊಫ್ರೋನಿಯಸ್ ಅವರು ಪವಿತ್ರ ಸಮಾಧಿಯ ಇಗರ್ಜಿಯೊಳಗೆ ನಮಾಝ್ ಮಾಡಲು ವಿನಂತಿಸಿದರು. ಖಲೀಫರು ಒಪ್ಪದೆ ಹೊರಗೆ ಬಂದು ನಮಾಝ್ ಮಾಡಿದರು. ತಾವು ಒಳಗೆ ಮಾಡಿದರೆ ಮುಂದಿನವರು ಅದನ್ನೇ ನೆಪವಾಗಿಸಿ ಇಗರ್ಜಿಯನ್ನು ಕಿತ್ತುಕೊಂಡಾರೆಂಬ ಮುಂದಾಲೋಚನೆ ಅವರದು ಎಂದು ಇತಿಹಾಸಕಾರರು ದಾಖಲಿಸಿದ್ದಾರೆ. 1187ರಲ್ಲಿ ಆ ಇಗರ್ಜಿಯನ್ನು ಕೆಡವಬೇಕೆಂದು ಕೆಲವರು ಸಲಹೆಯಿತ್ತಾಗ, ಉಮರ್(ರ)ರವರು ಉಳಿಸಿದುದನ್ನು ನಾವು ಕೆಡವಬಾರದೆಂಬ ಮಾತೇ ಸಲಾಹುದ್ದೀನ್‌ರವರ ಸಭೆಯಲ್ಲಿ ಗೆದ್ದಿತು. ಇಂದಿಗೂ ಅದರ ಬಾಗಿಲಿನ ಕೀಲಿಕೈ ಜೆರುಸಲೇಮಿನ ಮುಸ್ಲಿಮ್ ಕುಟುಂಬದ ಕೈಯಲ್ಲಿದೆ.

ನಮ್ಮ ಇತಿಹಾಸದಲ್ಲಿ ಬೆಳಕು ಮಾತ್ರವಿದೆ ಎಂದು ಹೇಳಿದರೆ ಅದು ಇತಿಹಾಸವಾಗದು. 1009ರಲ್ಲಿ ಫಾತಿಮಿ ದೊರೆ ಅಲ್ ಹಾಕಿಮ್ ಅದೇ ಇಗರ್ಜಿಯನ್ನು ಕೆಡವಿಸಿದನು. ಅವನ ನಂತರದವರು ಬೈಝಂಟೈನ್ ಚಕ್ರವರ್ತಿಗಳೊಂದಿಗೆ ಒಪ್ಪಂದ ಮಾಡಿಕೊಂಡು ಪುನಃ ಕಟ್ಟಲು ಅನುಮತಿಯಿತ್ತರು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ನೋತ್ರ್ ದಾಮ್ ಉರಿದ ಆರನೆಯ ದಿನ, ಈಸ್ಟರ್ ಭಾನುವಾರ, ಶ್ರೀಲಂಕಾದ ಮೂರು ಇಗರ್ಜಿಗಳಲ್ಲೂ ಹೋಟೆಲುಗಳಲ್ಲೂ ಬಾಂಬ್ ಸಿಡಿಸಿ 250ಕ್ಕೂ ಹೆಚ್ಚು ಮಂದಿಯನ್ನು ಕೊಂದವರು ಮುಸ್ಲಿಮ್ ಹೆಸರುಳ್ಳವರು. ಪ್ಯಾರಿಸ್‌ನಲ್ಲಿ ನಮ್ಮ ಮೇಲೆ ಹೊರಿಸಿದುದು ಸುಳ್ಳು ಆರೋಪ. ಕೊಲಂಬೊ ಮತ್ತು ನೆಗೊಂಬೊದಲ್ಲಿ ನಡೆದುದು ನಿಜ. ಮೊದಲನೆಯದನ್ನು ನಿರಾಕರಿಸುವಷ್ಟೇ ಗಟ್ಟಿಯಾದ ದನಿಯಲ್ಲಿ ಎರಡನೆಯದನ್ನು ಖಂಡಿಸುವುದು ನಮ್ಮ ಹೊಣೆ.

ಬಾಲಕನಿಗೆ ಉತ್ತರ

ಈಗ ಆ ಬಾಲಕನ ಪ್ರಶ್ನೆಗೆ ಬರೋಣ. ಮೊಸುಲ್‌ನ ಅನ್ನೂರಿ ಮಸೀದಿಯನ್ನೂ ಅದರ ಬಾಗಿದ ಹದ್‌ಬಾ ಮಿನಾರವನ್ನೂ 2017ರ ಜೂನ್ ತಿಂಗಳಲ್ಲಿ ಸ್ಫೋಟಿಸಿದವರು ತಮ್ಮನ್ನು 'ಇಸ್ಲಾಮಿಕ್ ಸ್ಟೇಟ್' ಎಂದು ಕರೆದುಕೊಂಡವರೇ ಹೊರತು ಪ್ಯಾರಿಸ್‌ನ ಜನರಲ್ಲ. ಅದನ್ನು ಮತ್ತೆ ಕಟ್ಟಲು ಯುನೆಸ್ಕೋ ಮುಂದೆ ಬಂದಿತು. ಸಂಯುಕ್ತ ಅರಬ್ ಎಮಿರೇಟ್ಸ್ ಐದು ಕೋಟಿ ಡಾಲರ್‌ಗಿಂತ ಹೆಚ್ಚು ಕೊಟ್ಟಿತು. ಮಸೀದಿಯ ಜೊತೆಗೆ ನಗರದ ಅತ್ತಾಹಿರಾ ಮತ್ತು ಅಸ್ಸಾಆ ಎಂಬ ಎರಡು ಹಾಳಾದ ಇಗರ್ಜಿಗಳನ್ನೂ ಅದೇ ಯೋಜನೆಯಲ್ಲಿ, ಅದೇ ಮುಸ್ಲಿಮ್ ರಾಷ್ಟ್ರದ ನೆರವಿನಿಂದ ಎತ್ತಿ ನಿಲ್ಲಿಸಲಾಯಿತು. ಮಿನಾರವೂ ಇಗರ್ಜಿಯ ಗಡಿಯಾರ ಗೋಪುರವೂ ಮೊಸುಲ್‌ನ ಆಕಾಶದಲ್ಲಿ ಒಟ್ಟಿಗೇ ಮರಳಿ ಕಂಡವು.

ಜಗತ್ತಿನ ಕಣ್ಣೀರಿನಲ್ಲಿ ತಾರತಮ್ಯವಿಲ್ಲವೆಂದು ನಾವು ಹೇಳುತ್ತಿಲ್ಲ. ಹಲಬ್‌ನ ಮಹಾಮಸೀದಿಯ ಮಿನಾರ 2013ರಲ್ಲಿ ಯುದ್ಧದ ನಡುವೆ ಉರುಳಿದಾಗ ಪ್ಯಾರಿಸ್‌ಗೆ ದೊರೆತ ಗಮನದ ನೂರರಲ್ಲೊಂದು ಪಾಲೂ ಅದಕ್ಕೆ ದೊರೆಯಲಿಲ್ಲ. ಆ ಬಾಲಕನ ನೋವು ಸುಳ್ಳಲ್ಲ. ಆದರೆ ನಮಗೆ ಸಿಗದ ಸಂತಾಪವನ್ನು ಪರರಿಗೂ ಕೊಡದಿರುವುದು ಆ ತಾರತಮ್ಯಕ್ಕೆ ಪರಿಹಾರವಲ್ಲ. ಹಾಗೆ ಮಾಡಿದರೆ ನಾವು ದೂರುವ ರೋಗವೇ ನಮಗೂ ಅಂಟಿಕೊಂಡಂತೆ. ನೆರೆಯವನು ನಮ್ಮ ಮನೆಯ ಬೆಂಕಿಗೆ ಬರಲಿಲ್ಲವೆಂದು ನಾವು ಅವನ ಮನೆಯ ಬೆಂಕಿಗೆ ನೀರು ಒಯ್ಯದಿದ್ದರೆ, ಕೊನೆಯಲ್ಲಿ ಸುಡುವುದು ಇಡೀ ಓಣಿ.

ನೋತ್ರ್ ದಾಮ್ 2024ರ ಡಿಸೆಂಬರ್ 7ರಂದು ಮತ್ತೆ ಬಾಗಿಲು ತೆರೆಯಿತು. ಹೊಸ ಮಾಡಿನ ತೊಲೆಗಳನ್ನು ಬಡಗಿಗಳು ಹಳೆಯ ಕಾಲದವರಂತೆ ಕೈಗೊಡಲಿಯಿಂದಲೇ ಕೆತ್ತಿದರು. ಅಖ್ಸಾದ ಮಿಂಬರ್‌ನ ಕಥೆಯೂ ಹಾಗೆಯೇ. ಮೊಳೆ ಬಳಸದೆ ಮರದ ತುಂಡುಗಳನ್ನು ಒಂದರೊಳಗೊಂದು ಹೆಣೆಯುವ ಮರೆತ ವಿದ್ಯೆಯನ್ನು ಕುಶಲಕರ್ಮಿಗಳು ಜೋರ್ಡಾನಿನಲ್ಲಿ ಹೊಸದಾಗಿ ಕಲಿತು, 2007ರಲ್ಲಿ ಅದನ್ನು ಅದರ ಸ್ಥಾನಕ್ಕೆ ಮುಟ್ಟಿಸಿದರು. ಒಂದು ಗಂಟೆಯಲ್ಲಿ ಸುಟ್ಟುದನ್ನು ಕಟ್ಟಲು ಅಲ್ಲಿ ಐದು ವರ್ಷಗಳೂ ಇಲ್ಲಿ ಸುಮಾರು ನಾಲ್ಕು ದಶಕಗಳೂ ಬೇಕಾದವು.

ಆ ಬಾಲಕನು ಈಗ ಬೆಳೆದು ದೊಡ್ಡವನಾಗಿದ್ದಾನೆ. ಇನ್ನೊಮ್ಮೆ ಸಿಕ್ಕಿದರೆ ಅವನಿಗೆ ಇಷ್ಟನ್ನು ಹೇಳಬೇಕೆಂದಿದ್ದೇವೆ: ಮಗನೇ, ನಿನ್ನ ಮಸೀದಿಗಾಗಿ ನೀನು ಅಳು, ಅದು ನಿನ್ನ ಹಕ್ಕು. ಪರರ ಆರಾಧನಾಲಯ ಉರಿಯುವುದನ್ನು ಕಂಡಾಗ ಮೊದಲು ಸುದ್ದಿ ನಿಜವೇ ಎಂದು ನೋಡು, ನಿಜವಾದರೆ ದುಃಖಿಸು, ನಿನ್ನಿಂದಾಗುವ ನೆರವು ನೀಡು. ಅವರು ನಮಗಾಗಿ ಅತ್ತರೋ ಇಲ್ಲವೋ ಎಂಬ ಲೆಕ್ಕವನ್ನು, ಲೆಕ್ಕ ನೋಡುವ ಪ್ರಭುವಿಗೆ ಬಿಡು.

ಸರ್ವಶಕ್ತನಾದ ಅಲ್ಲಾಹನು ಎಲ್ಲ ಆರಾಧನಾಲಯಗಳನ್ನೂ ಕಿಡಿಯಿಂದಲೂ ಕೇಡಿಗರಿಂದಲೂ ಕಾಪಾಡಲಿ. ನಮ್ಮ ನಾಲಗೆಗಳನ್ನು ಸುಳ್ಳಿನಿಂದಲೂ ಹೃದಯಗಳನ್ನು ಕಾಠಿಣ್ಯದಿಂದಲೂ ರಕ್ಷಿಸಲಿ. ಆಮೀನ್.